ಸಾಫ್ತಜ್ಜಿಯ ಮೂರು ಥೂ

ಎಲ್ಲಾ ಶುರುವಾಗಿದ್ದು ಒಂದು ಹೊಗಳಿಕೆಯಿಂದ. ಬಕಾವು ಪಟ್ಟಣದ ಬಸ್ ಡ್ರೈವರ್ ದೊರೆಲ್ ಹೆಸರಿಗಷ್ಟೇ ದೊರೆ, ಮನೆಯಲ್ಲಿ ದರ್ಬಾರೆಲ್ಲ ಹೆಂಡತಿ ಸಾಂದಾಳದ್ದು. ಅವನು ಬೆಳಿಗ್ಗೆ ಮಗಳು ಇಲಿಂಕಾಳನ್ನು ಕಾರಿಗೆ ಹತ್ತಿಸುತ್ತಿದ್ದಾಗ ಕೆಳಮನೆಯ ಸಾಫ್ತಜ್ಜಿ ಕಿಟಕಿಯಿಂದ ಇಣುಕಿ, "ಅಬ್ಬಬ್ಬಾ, ಏನ್ ಚೆಂದ ಇದೀಯೇ ನನ್ ಬಂಗಾರ!" ಅಂದಳು. ಅಂದು ಕಿಟಕಿ ಮುಚ್ಚಿಬಿಟ್ಟಳು. ಹೊಗಳಿದ ಮೇಲೆ "ಥೂ ಥೂ ಥೂ" ಅಂತ ಉಗಿಯಲೇ ಇಲ್ಲ!

ಅಜ್ಜಿಯ ಕಣ್ಣು ಅಂದರೆ ಓಣಿಗೆಲ್ಲ ಭಯ. ಅವಳು ಹೊಗಳಿದ ಹಾಲು ಒಡೆಯುತ್ತೆ, ಹೊಗಳಿದ ಮದುವೆ ಮುರಿಯುತ್ತೆ. ದೃಷ್ಟಿ ಹಾಕಿದವಳೇ ಉಗಿದರಷ್ಟೇ ಅದು ಇಳಿಯುವುದು.

ಅದೂ ಇವತ್ತೇ ಆಗಬೇಕೆ? ಇವತ್ತು ಜಿಮ್ನಾಸ್ಟಿಕ್ಸ್ ಆಯ್ಕೆ. ಮೊದಲ ಮೂವರಿಗೆ ಸರ್ಕಾರಿ ಶಿಬಿರ, ಊಟ ಉಡುಪು ಕೋಚು ಎಲ್ಲ ಪುಕ್ಕಟೆ. ಮಗಳಿಗಾಗಿ ದೊರೆಲ್ ಹಗಲು ಬಸ್ಸು, ಸಂಜೆ ಟ್ಯಾಕ್ಸಿ ಓಡಿಸುತ್ತಿದ್ದ. ಅವಳ ಬಾಯಲ್ಲಿ ನೀರೂರಬಾರದೆಂದು ಬಚ್ಚಲ ಬಾಗಿಲು ಹಾಕಿಕೊಂಡು ಕೇಕು ತಿನ್ನುತ್ತಿದ್ದ. ಆದರೂ ಅವಳು ಅಂಗೈಯಗಲದ ಬೀಮಿನ ಮೇಲೆ ಪಲ್ಟಿ ಹೊಡೆದು ನಿಂತಳೆಂದರೆ ಅವನಿಗೆ ಆ ದಣಿವೆಲ್ಲ ಮರೆತುಹೋಗುತ್ತಿತ್ತು.

ಕ್ರೀಡಾಂಗಣದಲ್ಲಿ ಅಭ್ಯಾಸಕ್ಕೆ ಬೀಮು ಹತ್ತಿದ ಇಲಿಂಕಾ ಧೊಪ್ಪಂತ ಬಿದ್ದಳು. ಮತ್ತೆ ಹತ್ತಿದಳು, ಮತ್ತೆ ಬಿದ್ದಳು.

"ರೀ, ಆ ಮುದುಕಿ ಕಣ್ಣು ಕಣ್ರೀ! ಹೋಗಿ ಕರ್ಕೊಂಡ್ ಬನ್ನಿ!" ಅಂದಳು ಸಾಂದಾ.

"ಬರಲ್ಲ ಅಂದ್ರೆ?"

"ಹೊತ್ಕೊಂಡ್ ಬನ್ನಿ!"

ಅವನು ಮನೆಗೆ ಓಡಿ ಬಂದಾಗ ಅಜ್ಜಿ ಎಲೆಕೋಸಿನ ಸುರುಳಿ ಬೇಯಿಸುತ್ತಿದ್ದಳು. ವಿಷಯ ಕೇಳಿ ಕೆಂಡವಾದಳು. "ನನ್ ಕಣ್ಣು ಕೆಟ್ಟದ್ದು ಅಂತೀಯೇನೋ?"

"ಛೆ ಛೆ! ಕಣ್ಣಿನ ಮಾತು ಯಾರೆತ್ತಿದ್ರು? ನಿಮ್ ಉಗುಳು ಬಲು ಒಳ್ಳೇದು ಅಂದೆ ಅಜ್ಜಿ."

ಅಜ್ಜಿ ಕರಗಿದಳು. ಆದರೆ ಒಲೆ ಮೇಲಿನ ಪಾತ್ರೆ ಬಿಟ್ಟು ಬರಲೊಲ್ಲಳು. ಅದನ್ನೂ ಮಡಿಲಲ್ಲಿಟ್ಟುಕೊಂಡೇ ಕಾರು ಹತ್ತಿದಳು. ಮೊದಲ ತಿರುವಿನಲ್ಲೇ ಟೊಮೆಟೊ ಸಾರು ದೊರೆಲ್‌ನ ಪ್ಯಾಂಟಿನ ಮೇಲೆ ಚೆಲ್ಲಿತು.

ಬಾಗಿಲಲ್ಲಿ ಕಾವಲುಗಾರ ತಡೆದ. "ಇವರ್ಯಾರು?"

"ನನ್ ಮಗಳಿಗೆ ಉಗಿಯೋಕೆ ಬಂದೋರು."

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ಓಡಿ, ಓಡಿ!"

ಇಲಿಂಕಾಳ ಹೆಸರು ಕೂಗುತ್ತಿದ್ದಂತೆಯೇ ಅಜ್ಜಿ ಗ್ಯಾಲರಿಯ ಕಂಬಿಯ ಮೇಲೆ ಬಾಗಿ ಮೂರು ಸಲ ಉಗಿದಳು. ಒಂದು ಹನಿ ಕೋಚಿನ ಬೋಳುತಲೆಗೂ ಸಿಡಿಯಿತು. ಹುಡುಗಿ ಬೀಮಿನ ಮೇಲೆ ಗುಬ್ಬಚ್ಚಿಯಂತೆ ಹಾರಿ, ತಿರುಗಿ, ಅಲುಗಾಡದೆ ಇಳಿದಳು. ದೊರೆಲ್ ಗಳಗಳ ಅತ್ತುಬಿಟ್ಟ.

"ಅಳೋದು ಸಾಕು ಕಣಪ್ಪಾ, ಬಾಯಾರಿದೆ, ನೀರು ತಾ," ಅಂದಳು ಅಜ್ಜಿ. ಅವನು ಅಂಗಡಿಗೆ ಹೋದ. ಅಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅಜ್ಜಿಯ ಮಹಿಮೆ ಕೊಚ್ಚಿಕೊಂಡು, ಪ್ಯಾಂಟು ತೊಳೆದುಕೊಂಡು ವಾಪಸು ಬರುವಷ್ಟರಲ್ಲಿ ಉಳಿದ ಹುಡುಗಿಯರ ಸರದಿಯೂ ಮುಗಿದು ಫಲಿತಾಂಶ ಕೂಗುತ್ತಿದ್ದರು. ಇಲಿಂಕಾ ನಾಲ್ಕನೆಯವಳು.

"ಅಪ್ಪಾ, ಒಂದ್ಸಲಾನೂ ಬೀಳ್ಲಿಲ್ಲ, ನೋಡಿದ್ಯಾ?" ಅಂತ ಮಗಳು ಕುಣಿಯುತ್ತಾ ಬಂದು ಕೊರಳಿಗೆ ಜೋತುಬಿದ್ದಳು. ಅವನು ತಲೆ ಸವರಿದ. ಇನ್ನೊಂದು ವರ್ಷ ಬಸ್ಸು, ಟ್ಯಾಕ್ಸಿ ತಪ್ಪಿದ್ದಲ್ಲ. ಅಷ್ಟರಲ್ಲಿ ಅಜ್ಜಿಯ ಕೈತುಂಬ ಚಾಕ್ಲೇಟ್ ಡಬ್ಬಿಗಳು ಕಂಡವು.

"ಅಜ್ಜೀ, ಇದೆಲ್ಲ ಎಲ್ಲಿಂದ?"

"ಉಳಿದ ಮಕ್ಕಳ ಅಮ್ಮಂದಿರು ಕೊಟ್ರಪ್ಪ. ಅಂಗಡೀಲಿ ನೀನು ನನ್ನ ಹೊಗಳಿದ್ದು ಕೇಳಿ ಓಡಿ ಬಂದು, ನಮ್ಮಕ್ಕಳಿಗೂ ಉಗೀರಿ ಅಂತ ಕಾಲು ಹಿಡ್ಕೊಂಡ್ರು. ಪಾಪ, ಅವೂ ಮಕ್ಕಳೇ ಅಲ್ವಾ? ಎಲ್ಲರಿಗೂ ಉಗೀತಿದ್ದೆ. ನೀನು ನೀರು ತರಲೇ ಇಲ್ಲ, ಮೂವರಿಗೆ ಉಗಿಯೋಷ್ಟರಲ್ಲಿ ಬಾಯಿ ಒಣಗೋಯ್ತು."