ಭಾವನ ಗೊಂಬೆ ದೆವ್ವ

ದೆವ್ವದ ಸಿನಿಮಾ ಮಾಡುವವರಿಗೆ ದೆವ್ವಗಳಿಂದ ಏನೂ ತೊಂದರೆಯಿಲ್ಲ. ಪೇಚಿಗೆ ಸಿಕ್ಕಿಸುವವರೆಲ್ಲ ಬದುಕಿರುವವರೇ. ಹಾಸನದ ನನ್ನ ಫೋಟೋ ಸ್ಟುಡಿಯೋದಲ್ಲಿ ವರ್ಷದಿಂದ ಇಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇದೆ.

ಸಿನಿಮಾ ನನ್ನದಲ್ಲ, ಭಾವನದು. ಹೊಳೆನರಸೀಪುರದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಉದ್ದ ಕಾಲಿನ, ಗುಳಿಬಿದ್ದ ಕಣ್ಣಿನ ಗೊಂಬೆಗಳು, ಸೊಟ್ಟ ಮನೆ, ಒಣಮರ, ಮಸಣ ಎಲ್ಲವನ್ನೂ ಕೈಯಾರೆ ಮಾಡಿದ್ದರು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು. ಎಲ್ಲ ಸೇರಿಸಿ ಓಡಿಸಿದರೆ ಗೊಂಬೆ ನಡೆಯುತ್ತದೆ. ಕಥೆ ಇಷ್ಟೇ: ಸತ್ತ ಗಂಡ ಹಿರಿಯರ ಹಬ್ಬದ ದಿನ ಎಡೆ ಉಣ್ಣಲು ಮಸಣದಿಂದ ಮನೆಗೆ ಬರುತ್ತಾನೆ. ಅರ್ಧ ಮುಗಿಸುವಷ್ಟರಲ್ಲಿ ಭಾವ ತಾವೇ ಹೋಗಿಬಿಟ್ಟರು. ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ.

"ಬರೋ ಹಬ್ಬಕ್ಕೆ ನೀನೇ ಮುಗಿಸ್ಕೊಡ್ಲಾ," ಎಂದಳು ಅಕ್ಕ. "ಮೊದ್ಲು ಅವ್ರು ನೋಡ್ಬೇಕು. ಆಮೇಲೆ ನಾವು."

ಓನರ್ ಬಂದಿದ್ದು

ಗೊಂಬೆ ಬೀಳದಿರಲೆಂದು ಪಾದಕ್ಕೆ ಗುಂಡುಸೂಜಿ ಚುಚ್ಚಿ ಹಲಗೆಗೆ ನಿಲ್ಲಿಸುತ್ತೇವೆ. ಒಂದು ದಿನ ಬಿಲ್ಡಿಂಗ್ ಓನರ್ ಒಳಗೆ ಬಂದವರು ಕಪ್ಪು ಪರದೆ, ಸೂಜಿ, ಗೊಂಬೆಯ ತಲೆಗೆ ಅಂಟಿಸಿದ್ದ ಕೂದಲು ನೋಡಿ ಬೆವೆತರು. ಇದು ಮಾಟವಲ್ಲ, ಸಿನಿಮಾ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ರೂಮು ಖಾಲಿ ಮಾಡಿಸುತ್ತಾರೆ ಅಂದುಕೊಂಡೆ. ಬಾಗಿಲು ಮುಂದೆ ಮಾಡಿ, ಪಿಸುಗುಟ್ಟಿದರು.

"ಸಾ, ಶಾಂತಿಗ್ರಾಮದಾಗೆ ನಮ್ ಷಡ್ಡಕ ಒಬ್ಬ ಅವ್ನೆ. ಅವ್ನಿಗೂ ಒಂದು ಮಾಡ್ಕೊಡಿ. ಜಾಸ್ತಿ ಏನೂ ಬ್ಯಾಡ, ಮೊಣಕಾಲು ಹಿಡ್ಕಂಡ್ರೆ ಸಾಕು."

ಅಂಗಿ ಗುಂಡಿ

ಗಂಡನ ಗೊಂಬೆಗೆ ಅಂಗಿ ಹೊಲಿದವಳು ಅಕ್ಕ, ಭಾವನದೇ ಹಳೆಯ ಚೌಕಳಿ ಅಂಗಿಯ ಬಟ್ಟೆಯಲ್ಲಿ. ದೆವ್ವದ ಅಂಗಿ ಎದೆಯ ಮೇಲೆ ಬಿಚ್ಚಿರಬೇಕೆಂದು ಭಾವ ಹೇಳಿದ್ದರು. ಮಸಣದಿಂದ ಮನೆಯವರೆಗಿನ ನಡಿಗೆಯನ್ನು ವಾರವೆಲ್ಲ ತೆಗೆದು ಓಡಿಸಿ ನೋಡಿದರೆ, ಗುಂಡಿ ಒಮ್ಮೆ ಬಿಚ್ಚಿದೆ, ಒಮ್ಮೆ ಹಾಕಿದೆ. ದಿನಾ ಸ್ಟುಡಿಯೋಗೆ ಸಹಾಯಕ್ಕೆ ಬರುತ್ತಿದ್ದ ಅಕ್ಕ, ನಾನು ಟೀಗೆ ಹೋದಾಗಲೆಲ್ಲ ಹಾಕಿಬಿಟ್ಟಿದ್ದಾಳೆ. ಕೆಲಸವೆಲ್ಲ ನೀರುಪಾಲು.

"ಯಾಕಕ್ಕಾ ಹಿಂಗ್ ಮಾಡ್ದೆ?"

"ಚಳಿ ಕಣ್ಲಾ."

"ದೆವ್ವಕ್ಕೆ ಚಳಿ ಆಗಲ್ಲಕ್ಕಾ."

"ಆಗಲ್ಲ ಅಂತ ನಿಂಗ್ಯಾರು ಬಂದ್ ಹೇಳವ್ರೆ?"

ನಾನು ಮತ್ತೆ ಮೊದಲಿಂದ ಶುರುಮಾಡಿದೆ. ಈ ಸಲ ಗುಂಡಿ ಹಾಕಿಯೇ ನಡೆಸಿದೆ.

ಒಂದು ನರಳಾಟ

ದೆವ್ವ ಹೊಸಿಲು ದಾಟುವಾಗ ಒಂದು ನರಳಾಟ ಬೇಕಿತ್ತು. ಚನ್ನರಾಯಪಟ್ಟಣದ ಕಡೆಯಿಂದ ಪೌರಾಣಿಕ ನಾಟಕದ ಕಲಾವಿದರೊಬ್ಬರನ್ನು ಕರೆಸಿದೆ. ಹಾರ್ಮೋನಿಯಂ ಸಮೇತ ಬಂದರು. ಮೈಕು ಮುಂದಿಟ್ಟರೆ ನರಳಾಟ ಆಲಾಪನೆಯಾಗಿ ಮೂರು ಸ್ಥಾಯಿಯಲ್ಲಿ ಓಡಾಡಿ ಬಂತು.

"ಸತ್ತವನು ಸಾರ್ ಇವನು. ಇಷ್ಟು ಉಸಿರು ಎಲ್ಲಿಂದ ಬರ್ಬೇಕು?" ಎಂದೆ.

"ಸತ್ರೇನ್ ಸಾ? ನಾನು ಸ್ಟೇಜ್ ಮ್ಯಾಲೆ ಸತ್ ಬಿದ್ದಿವ್ನಿ, ಜನ ಒನ್ಸ್ ಮೋರ್ ಅಂದವ್ರೆ, ಎದ್ದು ಆಡಿ ಮತ್ತೆ ಸತ್ತಿವ್ನಿ."

ನಾನು ಹೊಟ್ಟೆ ಹಿಡಿದು ನಕ್ಕೆ. ಅಕ್ಕ ನಗಲಿಲ್ಲ. ಹಾಗೆ ಕೂಗಿದರೆ ಸತ್ತವರು ಏಳುವುದಿದ್ದರೆ ಅವಳು ಎಷ್ಟು ಕೂಗುತ್ತಿದ್ದಳೋ ಅನ್ನಿಸಿ ನನಗೂ ನಗು ನಿಂತಿತು.

ಮೊದಲ ಪ್ರದರ್ಶನ

ಹಬ್ಬದ ಹೊತ್ತಿಗೆ ಸಿನಿಮಾ ಮುಗಿಯಿತು. ಹೊಳೆನರಸೀಪುರದ ಮನೆಯಲ್ಲಿ ಭಾವನ ಫೋಟೋ ಮುಂದೆ ಬಾಳೆಲೆ, ಮುದ್ದೆ, ಬಾಡಿನ ಸಾರು, ಹೊಸ ಪಂಚೆ. ಪಕ್ಕದಲ್ಲಿ ಬ್ಯಾಟರಿ ಕೆಟ್ಟು ಪ್ಲಗ್ ಮೇಲೇ ಓಡುವ ನನ್ನ ಹಳೆಯ ಲ್ಯಾಪ್‌ಟಾಪು. ಎಡೆ ಇಟ್ಟು ಬಾಗಿಲು ಮುಚ್ಚಿ ಎಲ್ಲರೂ ಆಚೆ ನಿಲ್ಲುವುದು ನಮ್ಮ ಪದ್ಧತಿ. ಬದುಕಿರುವವರು ನೋಡುತ್ತಿದ್ದರೆ ಹಿರಿಯರು ಉಣ್ಣುವುದಿಲ್ಲವಂತೆ. ಸಿನಿಮಾ ಶುರುಮಾಡಿ ನಾವೂ ಆಚೆ ಬಂದೆವು.

ಒಳಗೆ ನರಳಾಟ ಶುರುವಾಗಿ ಅರ್ಧಕ್ಕೆ ನಿಂತಿತು. ಬಾಗಿಲು ತೆಗೆದರೆ ತೆರೆ ಕಪ್ಪಗಿತ್ತು. ಪ್ಲಗ್ ಸಡಿಲವಾಗಿ ಕರೆಂಟು ಹೋಗಿತ್ತು. ವರ್ಷವೆಲ್ಲ ದುಡಿದು ಇಲ್ಲಿ ಕೈಕೊಟ್ಟಿತಲ್ಲ ಎಂದು ನನಗೆ ಅಳುವೇ ಬಂತು. ಅಕ್ಕ ನನ್ನ ಕೈಲಿ ಪ್ಲಗ್ ಒತ್ತಿಸಿ, ಮೊದಲಿಂದ ಹಾಕಿಸಿ, ನನ್ನನ್ನು ಆಚೆ ನೂಕಿ ತಾನು ಒಳಗೇ ಉಳಿದು ಅಗುಳಿ ಹಾಕಿಕೊಂಡಳು.

ಅರಕಲಗೂಡಿನಿಂದ ಬಂದಿದ್ದ ಚಿಕ್ಕಪ್ಪ ಬಾಗಿಲು ಬಡಿದರು. "ಒಳಗಿರಬಾರ್ದು ಕಣವ್ವ. ನೀನಿದ್ರೆ ಅವ್ನು ಉಣ್ಣಲ್ಲ."

"ನಾನು ಎದುರಿಗೆ ಕುಂತ್ಕಳ್ದೆ ಅವ್ರು ಯಾವತ್ತು ಉಂಡವ್ರೆ?"

ಸ್ವಲ್ಪ ಹೊತ್ತಿಗೆ ಒಳಗಿಂದ ಅಕ್ಕ ಅಳುವುದು ಕೇಳಿಸಿತು. ಭಾವ ಹೋದ ದಿನವೂ ಅವಳು ಹಾಗೆ ಬಾಯಿಬಿಟ್ಟು ಅತ್ತಿರಲಿಲ್ಲ. ಚಿಕ್ಕಪ್ಪ ಟವೆಲಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಿವಿಯ ಹತ್ತಿರ ಬಂದರು.

"ಪ್ಲಗ್ ಸರ್ಯಾಗ್ ಸಿಗ್ಸಿದ್ದೀಯೇನ್ಲಾ? ಇನ್ನೊಂದ್ಸಲ ನಿಂತ್ರೆ ಮುದ್ದೆ ಕಲ್ಲಾಗೋಯ್ತದೆ."