ದಾಡಿಯಪ್ಪನಿಗೊಂದು ಮನೆ

ಮನುಷ್ಯನಿಗೆ ತನ್ನ ಕಸುಬು ಬಿಟ್ಟು ಬೇರೆಯವರ ಕಸುಬು ಯಾವಾಗಲೂ ಸುಲಭವಾಗಿ ಕಾಣುತ್ತದೆ. ಅಡುಗೆಯವನು ಸೌಟು ತಿರುಗಿಸುವುದನ್ನು ನೋಡಿದರೆ ಇದರಲ್ಲೇನಿದೆ ಅನ್ನಿಸುತ್ತದೆ. ಬಸ್ಸಿನ ಡ್ರೈವರ್ ಸುಮ್ಮನೆ ಕೂತಲ್ಲೇ ಕೂತಿರುತ್ತಾನೆ ಅನ್ನಿಸುತ್ತದೆ. ನನಗೆ ಹಾಗೆ ಅನ್ನಿಸಿದ್ದು ಬಡಗಿತನ. ನಾನು ಬೈಲಹೊಂಗಲದ ಬಜಾರಿನಲ್ಲಿ ಚಷ್ಮಾ ಅಂಗಡಿ ಇಟ್ಟಿರುವವನು. ಸಾಸಿವೆ ಕಾಳಿನಂಥ ಸ್ಕ್ರೂಗಳನ್ನು ಉಸಿರು ಬಿಗಿಹಿಡಿದು ತಿರುಗಿಸುತ್ತ ಅರ್ಧ ಆಯುಷ್ಯ ಕಳೆದಿದ್ದೇನೆ. ಅಷ್ಟು ಸಣ್ಣ ಸ್ಕ್ರೂ ತಿರುಗಿಸಬಲ್ಲವನಿಗೆ ದೊಡ್ಡ ಸ್ಕ್ರೂ ಏನು ಮಹಾ ಎಂಬುದು ನನ್ನ ತರ್ಕ. ಈ ತರ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ನನಗೆ ಈಗಲೂ ಗೊತ್ತಾಗಿಲ್ಲ. ತಪ್ಪಿದೆ ಎಂಬುದು ಮಾತ್ರ ಗೊತ್ತಾಗಿದೆ.

ಎಲ್ಲ ಶುರುವಾದದ್ದು ನಮ್ಮ ಶಾಂತಕ್ಕ ಧಾರವಾಡದಿಂದ ನಮ್ಮ ಮನೆಗೆ ಬಂದ ದಿನ. ಶಾಂತಕ್ಕ ನನ್ನ ಒಡಹುಟ್ಟಿದ ಅಕ್ಕ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಮದುವೆ ಮಾಡಿಕೊಂಡಿಲ್ಲ. ತಾಯಿ ತೀರಿಕೊಂಡಾಗ ನಾನಿನ್ನೂ ಚಡ್ಡಿಯ ಹುಡುಗ. ಅಂದಿನಿಂದ ನನಗೆ ಉಣ್ಣಿಸಿ, ಓದಿಸಿ, ಅಂಗಡಿ ಹಾಕಿಕೊಡುವವರೆಗೂ ನಿಂತವಳು ಅವಳೇ. ಇನ್ನು ಮುಂದೆ ಒಬ್ಬಳೇ ಇರುವುದು ಬೇಡ, ನಮ್ಮಲ್ಲೇ ಬಂದು ಇರು ಎಂದು ನಾನೂ ನನ್ನ ಹೆಂಡತಿ ಗಿರಿಜಾಳೂ ಎಷ್ಟೋ ಸಲ ಕರೆದಿದ್ದೆವು. ಕಡೆಗೂ ಒಪ್ಪಿ ಬಂದಳು. ಟೆಂಪೋದಿಂದ ಒಂದು ಟ್ರಂಕು ಇಳಿಯಿತು, ಎರಡು ಚೀಲ ಇಳಿದವು, ಹಾದಿಯ ಕುಣಿಗಳಿಗೆ ಬಿರುಕು ಬಿಟ್ಟ ದೊಡ್ಡ ಗಾಜಿನ ತೊಟ್ಟಿಯೊಂದು ಇಳಿಯಿತು. ಆಮೇಲೆ ಅಕ್ಕ ಇಳಿದಳು. ಅವಳ ತೋಳಿನಲ್ಲಿ ಒಂದು ಬುಟ್ಟಿ, ಬುಟ್ಟಿಯಲ್ಲಿ ಕೌದಿಯ ತುಂಡು, ಕೌದಿಯ ಮೇಲೆ ಮೊಳದುದ್ದದ ಓತಿಕ್ಯಾತ. ಕಂದು ಬಣ್ಣ, ಮೈತುಂಬ ಮುಳ್ಳು, ಗದ್ದದ ಕೆಳಗೆ ದಾಡಿಯಂಥ ಮುಳ್ಳಿನ ಚೀಲ. ಅದು ನನ್ನನ್ನು ಒಂದೇ ಕಣ್ಣಿನಿಂದ ನೋಡಿತು. ಆ ಕಣ್ಣಿಗೆ ಯಾವ ಚಷ್ಮಾವೂ ಬೇಕಿರಲಿಲ್ಲ.

"ಗಾಬರಿ ಆಗಬ್ಯಾಡ ಬಸು. ಇಂವಾ ದಾಡಿಯಪ್ಪ. ನನ್ನ ಕೂಡ ಇರತಾನ" ಅಂದಳು ಅಕ್ಕ.

ಧಾರವಾಡದಲ್ಲಿ ಅವಳು ಬಾಡಿಗೆಗಿದ್ದ ಮನೆಯ ಮಹಡಿಯಲ್ಲಿದ್ದ ತರುಣನೊಬ್ಬ ವರ್ಗವಾಗಿ ಹೋಗುವಾಗ, ಹೊಸ ಊರಿನಲ್ಲಿ ಮನೆ ಸಿಕ್ಕ ಕೂಡಲೇ ಒಯ್ಯುತ್ತೇನೆಂದು ಹೇಳಿ ಇದನ್ನು ಅಕ್ಕನ ಕೈಯಲ್ಲಿ ಬಿಟ್ಟಿದ್ದನಂತೆ. ಅವನಿಗೆ ಮನೆ ಸಿಕ್ಕಿತು, ಹೆಂಡತಿಯೂ ಸಿಕ್ಕಳು. ಆ ಹೆಂಡತಿಗೆ ದಾಡಿಯಪ್ಪ ಬೇಡವಾಗಿದ್ದ. ಅಷ್ಟರಲ್ಲಿ ಅಕ್ಕನಿಗೆ ಅವನನ್ನು ಬಿಡುವುದು ಬೇಡವಾಗಿತ್ತು. ಮೂಲ ಆಸ್ಟ್ರೇಲಿಯಾದ ಪ್ರಾಣಿ. ಸಾಕಲು ಅಡ್ಡಿಯಿಲ್ಲ, ಸರಕಾರಕ್ಕೆ ತಿಳಿಸಿ ಹೆಸರು ಹಚ್ಚಿಸಿದ್ದೇನೆ ಎಂದು ಅಕ್ಕ ವಿವರಿಸುತ್ತಿದ್ದಾಗ ಗಿರಿಜಾ ನಡುಮನೆಯ ಬಾಗಿಲಿನ ಹಿಂದೆ ಅರ್ಧ ಮಾತ್ರ ಕಾಣುತ್ತಿದ್ದಳು.

"ಗ್ವಾಡಿ ಮ್ಯಾಲಿನ ಹಲ್ಲಿ ಕಂಡ್ರ ನನ್ನ ಜೀವ ಹೋದಂಗ ಆಗತೈತಿ. ಈಗ ಹಲ್ಲಿ ದೊಡ್ಡಪ್ಪನ್ನ ಮನಿಗೆ ಕರಕೊಂಡು ಬಂದೀರಲ್ರಿ ಅಕ್ಕಾರ" ಎಂದಳು. ಆಮೇಲೆ ಅದು ಏನು ತಿನ್ನುತ್ತದೆ ಎಂದು ಕೇಳಿದಳು. ಸೊಪ್ಪು, ಕುಂಬಳಕಾಯಿ ಎಂದು ಅಕ್ಕ ಹೇಳಿದಾಗ ಮುಖ ಸ್ವಲ್ಪ ತಿಳಿಯಾಯಿತು. "ಒಂದೀಟು ಹುಳಾನೂ ತಿಂತಾನ" ಎಂದಾಗ ಮತ್ತೆ ಮೋಡ ಕವಿಯಿತು. "ನಮ್ಮ ಮನ್ಯಾಗ ಇನ್ನೂಮಟಾ ತತ್ತಿ ಸೈತ ತಂದಿಲ್ರಿ!"

"ತಿನ್ನಾಂವ ಅಂವಾ. ನಿನಗ ತಿನ್ನು ಅಂದೇನೇನ?" ಎಂದಳು ಅಕ್ಕ. ಆಸ್ಪತ್ರೆಯ ವಾರ್ಡಿನಲ್ಲಿ ಹತ್ತಾರು ಜನರ ಗಲಾಟೆಯನ್ನು ಒಂದು ಮಾತಿಗೆ ಅಡಗಿಸಿದ ದನಿ ಅದು. ಆದರೂ ಅವಳು ಮೂರ್ಖಳಲ್ಲ. ಸಂಜೆ ನನ್ನನ್ನು ಕರೆದು ಮೆಲ್ಲಗೆ ಹೇಳಿದಳು: "ನೋಡು ತಮ್ಮಾ, ಅಂವನ ಗಾಜಿನ ತೊಟ್ಟಿ ಅಂತೂ ಬಿರಕ ಬಿಟ್ಟೈತಿ. ಅಂವಂದು ಅಂತ ಒಂದು ಮನಿ ಆಗೂ ಮಟಾ ನಾ ಟ್ರಂಕ್ ಬಿಚ್ಚಂಗಿಲ್ಲ. ಗಿರಿಜಾಗ ತ್ರಾಸ ಆಗತಿದ್ರ ಈಗss ಹೇಳು. ಧಾರವಾಡದಾಗ ಒಂದು ಖೋಲಿ ಹಿಡದು ಇರತೇನಿ. ನನಗೇನ ಸಿಟ್ಟಿಲ್ಲ." ಸಿಟ್ಟಿಲ್ಲ ಎಂದು ಅವಳು ಹೇಳಿದ್ದು ನಿಜವಾಗಿತ್ತು. ಅದಕ್ಕೇ ನನಗೆ ಹೆದರಿಕೆಯಾಯಿತು. ಯಾರಾದರೂ ಬಡಗಿಯ ಹೆಸರು ಹೇಳುವ ಮೊದಲೇ ನನ್ನ ಬಾಯಿಂದ ಮಾತು ಹೊರಬಿದ್ದಿತ್ತು: "ನಾನss ಮಾಡತೇನಿ ಬಿಡಕ್ಕಾ. ಕಟಗೀದು. ಚಂದಂಗ."

ಫೋನಿನಲ್ಲಿ ವಿಡಿಯೋ ನೋಡಿದೆ. ಯಾವುದೋ ದೇಶದವನೊಬ್ಬ, ಹಿನ್ನೆಲೆಯಲ್ಲಿ ಸಂಗೀತ ಹಾಕಿಕೊಂಡು, ನಾನು ಒಂದು ಕಪ್ಪು ಚಹಾ ಕುಡಿದು ಮುಗಿಸುವುದರೊಳಗೆ ಇಂಥ ಮನೆಯೊಂದನ್ನು ಕಟ್ಟಿ ನಿಲ್ಲಿಸಿದ. ಅವನು ಒಮ್ಮೆಯೂ ಬೆರಳು ಬಾಯಿಗಿಟ್ಟುಕೊಳ್ಳಲಿಲ್ಲ. ಮರುದಿನವೇ ಪ್ಲೈವುಡ್ ಅಂಗಡಿಗೆ ಹೋದೆ. "ಏನ್ ಮಾಡಾಕ್ರೀ, ಶೋಕೇಸೋ ಟೀವಿ ಸ್ಟ್ಯಾಂಡೋ?" ಎಂದು ಅಂಗಡಿಯವರು ಕೇಳಿದರು. "ಮನಿ ರೀ" ಅಂದೆ. "ಯಾರಿಗೆ?" ಅಂದರು. "ಅಕ್ಕನ ಕೂಡ ಒಬ್ಬಾಂವ ಬಂದಾನ" ಎಂದು ಬಾಯಿತಪ್ಪಿ ಅಂದುಬಿಟ್ಟೆ. ಅವರು ಮುಂದೇನೂ ಕೇಳದೆ ಹಲಗೆ ಕೊಯ್ಯಿಸಿ ಕೊಟ್ಟರು. ಆದರೆ ಅವತ್ತಿನಿಂದ ಬಜಾರಿನಲ್ಲಿ ನನ್ನನ್ನು ಕಂಡಾಗಲೆಲ್ಲ ಅಕ್ಕನ ಯೋಗಕ್ಷೇಮವನ್ನು ಅಗತ್ಯಕ್ಕಿಂತ ಹೆಚ್ಚು ಕಾಳಜಿಯಿಂದ ವಿಚಾರಿಸತೊಡಗಿದರು.

ಮಾಳಿಗೆಯ ಮೇಲೆ ಕೆಲಸ ಶುರುವಾಯಿತು. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಪೆಟ್ಟಿಗೆ. ಮುಂದೆ ಸರಿಸುವ ಗಾಜು. ಗರಗಸ ನಾನು ಎಳೆದ ಗೆರೆಯನ್ನು ಬಿಟ್ಟು ತನಗೆ ಸರಿ ಕಂಡ ಕಡೆ ಹೋಗುತ್ತಿತ್ತು. ನಾಲ್ಕು ಮೂಲೆಗಳಲ್ಲಿ ಮೂರು ಕೂಡಿದವು, ನಾಲ್ಕನೆಯದು ಬಾಯಿ ತೆರೆದುಕೊಂಡೇ ಇತ್ತು. ಅದನ್ನು ಮುಚ್ಚಿದರೆ ಎದುರಿನದು ತೆರೆಯುತ್ತಿತ್ತು. ಕಡೆಗೆ ಎರಡಕ್ಕೂ ಪಟ್ಟಿ ಬಡಿದು ಅದೇ ಅಲಂಕಾರ ಎಂದು ಹೇಳಿಕೊಂಡೆ. ಗಾಜು ಕೂಡಿಸಲು ಹೋದಾಗ ಅದು ಒಳಗೆ ಹೋಗಲೇ ಇಲ್ಲ. ಪೆಟ್ಟಿಗೆಯ ಎತ್ತರ ಎರಡಡಿ ಎಂದು ಗಾಜನ್ನೂ ಎರಡಡಿಗೆ ಕೊಯ್ಯಿಸಿ ತಂದಿದ್ದೆ. ಕೆಳಗಿನ ಹಲಗೆಗೂ ಮೇಲಿನ ಹಲಗೆಗೂ ದಪ್ಪ ಎಂಬುದೊಂದಿದೆ, ಅದನ್ನು ಕಳೆಯಬೇಕು ಎಂಬುದು ಹೊಳೆದಿರಲಿಲ್ಲ. ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದಿದ್ದ ಗಿರಿಜಾ ಸ್ವಲ್ಪ ಹೊತ್ತು ನಿಂತು ನೋಡಿದಳು. "ಮಂದಿ ಚಷ್ಮಾ ಹೆಂಗ ಕೂಡಸ್ತೀರಿ ನೀವು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೆಳಗಿಳಿದಳು.

ಗಾಜು ಸಣ್ಣದು ಮಾಡಿಸಿಕೊಂಡು ಬಂದೆ. ಅವಮಾನವನ್ನೆಲ್ಲ ಮುಚ್ಚುವಂತೆ ಒಳಗೂ ಹೊರಗೂ ದಪ್ಪನಾಗಿ ವಾರ್ನಿಶ್ ಬಳಿದೆ. ಪೆಟ್ಟಿಗೆ ಥಳಥಳ ಹೊಳೆಯಿತು. ಅಕ್ಕನನ್ನು ಕರೆದು ತೋರಿಸಿದೆ. ಅವಳು ಬಗ್ಗಿ ಮೂಗು ಒಳಗಿಟ್ಟವಳು ತಟ್ಟನೆ ಹಿಂದೆ ಸರಿದಳು. "ಇದರಾಗ ನೀ ಒಂದ ತಾಸು ತಲಿ ಇಟಗೊಂಡು ಮಲಗಿ ತೋರಸು, ಆಮ್ಯಾಲೆ ಅಂವನ್ನ ಬಿಡತೇನಿ" ಎಂದಳು. ನಾನು ಅರ್ಧ ನಿಮಿಷ ಇಟ್ಟೆ. ಕಣ್ಣಲ್ಲಿ ನೀರು ಬಂತು. ವಾಸನೆ ಹೋಗುವವರೆಗೆ ಬಿಸಿಲಿಗೆ ಬಿಟ್ಟಿರಬೇಕು ಎಂದು ತೀರ್ಪಾಯಿತು. ಅಲ್ಲಿಯವರೆಗೆ ದಾಡಿಯಪ್ಪನಿಗೆ ಬಟ್ಟೆ ಒಗೆಯುವ ಪ್ಲಾಸ್ಟಿಕ್ ಬುಟ್ಟಿಯೇ ಗತಿ, ಮೈ ಕಾಯಿಸಿಕೊಳ್ಳಲು ನನ್ನ ಅಂಗಡಿಯ ಮೇಜಿನ ದೀಪವೇ ಸೂರ್ಯ.

ಅಷ್ಟರಲ್ಲಿ ಚಳಿ ಬಿತ್ತು. ಮೊದಲು ದಾಡಿಯಪ್ಪ ಹುಳು ತಿನ್ನುವುದನ್ನು ಬಿಟ್ಟ, ಆಮೇಲೆ ಸೊಪ್ಪು ಬಿಟ್ಟ. ಅಕ್ಕನ ತಟ್ಟೆಯಲ್ಲೂ ರೊಟ್ಟಿ ಉಳಿಯತೊಡಗಿತ್ತು. ಒಂದು ದಿನ ಸಂಜೆ ಹೋದ ಕರೆಂಟು ಬೆಳಗಾದರೂ ಬರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅವನು ಬುಟ್ಟಿಯ ಮೂಲೆಯಲ್ಲಿ ಕಟ್ಟಿಗೆಯ ತುಂಡಿನಂತೆ ಬಿದ್ದಿದ್ದ. ಮುಟ್ಟಿದರೆ ಕಲ್ಲಿನಂತೆ ತಣ್ಣಗೆ. ಅಕ್ಕ ಅವನನ್ನು ಎತ್ತಿಕೊಂಡು ಸೆರಗಿನೊಳಗೆ ಎದೆಗೆ ಒತ್ತಿ ಹಿಡಿದು ಹಾಗೇ ನೆಲದ ಮೇಲೆ ಕೂತಳು. ಎಷ್ಟೋ ಹಸುಗೂಸುಗಳನ್ನು ಹಾಗೆ ಹಿಡಿದ ಕೈಗಳು ಅವು. ಬಿಸಿಲಿಗೆ ಹೊಳೆಯುತ್ತ ಮಾಳಿಗೆಯ ಮೇಲೆ ಖಾಲಿ ಕೂತಿದ್ದ ನನ್ನ ಪೆಟ್ಟಿಗೆ ನನಗೆ ನೆನಪಾಯಿತು. ವಾರ್ನಿಶ್ ಬಳಿಯದೆ ಇದ್ದಿದ್ದರೆ ಅವನು ಎಂದೋ ಅದರಲ್ಲಿರುತ್ತಿದ್ದ, ಕರೆಂಟು ಹೋದರೂ ಹಲಗೆಗಳು ಇಷ್ಟು ಥಂಡಿ ತಾಗಗೊಡುತ್ತಿರಲಿಲ್ಲ.

ಆಗ ಒಳಗಿನಿಂದ ಗಿರಿಜಾ ಬಂದಳು. ಕೈಯಲ್ಲಿ ಅವಳು ಬೆನ್ನು ಕಾಸಿಕೊಳ್ಳುವ ಬಿಸಿನೀರಿನ ರಬ್ಬರ್ ಚೀಲ, ಸುತ್ತ ಅವಳದೇ ಟವೆಲ್ಲು. ಅಕ್ಕನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಚೀಲವನ್ನು ಸೆರಗಿನ ಕೆಳಗೆ ಸರಿಸಿದಳು. ಸರಿಸುವಾಗ ಅವಳ ಕೈ ಆ ಮುಳ್ಳು ಬೆನ್ನಿಗೆ ತಗುಲಿತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು, ಕೈ ತೆಗೆಯಲಿಲ್ಲ. "ಉಸಿರು ಐತೇನ್ರಿ ಅಕ್ಕಾರ?" ಎಂದು ಕೇಳಿದಳು. ಅಕ್ಕ ಬಹಳ ಹೊತ್ತು ಗಮನಿಸಿ, "ಐತಿ. ಸಣ್ಣಗ ಐತಿ" ಎಂದಳು. ಗಿರಿಜಾ ನನ್ನ ಕಡೆ ತಿರುಗಿದಳು. "ನೋಡಕೋತ ಏನ್ ನಿಂತೀರಿ? ಧಾರವಾಡಕ್ಕ ದವಾಖಾನಿಗೆ ಕರಕೊಂಡು ಹೋಗ್ರಿ. ಒಂದಿನ ನೀವು ಅಂಗಡಿ ಮುಚ್ಚಿದ್ರ ಊರೇನು ಕುರುಡಾಗಂಗಿಲ್ಲ."

ಬಸ್ಸಿನಲ್ಲಿ ಕಂಡಕ್ಟರು, "ಬುಟ್ಟ್ಯಾಗ ಕೋಳಿ ಅದಾವೇನ್ರಿ ಬಾಯಾರ?" ಎಂದು ಕೇಳಿದ. "ಪೇಶಂಟ್ ಅದಾನ್ರಿ" ಎಂದು ಅಕ್ಕ ಬುಟ್ಟಿಯ ಮೇಲಿನ ಸೆರಗು ಸರಿಸಿ ತೋರಿಸಿದಳು. ಅವನು ಧಾರವಾಡ ಬರುವವರೆಗೂ ನಮ್ಮ ಸೀಟಿನ ಕಡೆ ಮತ್ತೆ ಹಾಯಲಿಲ್ಲ. ಪ್ರಾಣಿಗಳ ಡಾಕ್ಟರಮ್ಮ ಇನ್ನೂ ಸಣ್ಣ ವಯಸ್ಸಿನವರು. ತಿರುಗಿಸಿ ಮುರುಗಿಸಿ ನೋಡಿ ನಕ್ಕರು. "ರೋಗ ಏನಿಲ್ರಿ. ಥಂಡಿಗೆ ಸೆಟದಾನ. ಚಳಿಗಾಲದಾಗ ಇವಕ್ಕ ನಿದ್ದಿ ಜಾಸ್ತಿ. ಆದ್ರ ಇನ್ನೊಂದ್ಸಲ ಹಿಂಗ ಥಂಡಿ ಹಿಡದ್ರ ಉಳಿಯೂದು ಕಠಿಣ ಐತಿ. ಲಗೂನ ಒಂದು ಬೆಚ್ಚನ್ನ ಮನಿ ಮಾಡಸ್ರಿ" ಎಂದರು. ಮಾಡಸ್ರಿ ಎಂದರೇ ಹೊರತು ಮಾಡ್ರಿ ಎನ್ನಲಿಲ್ಲ. ನನ್ನ ಬೆರಳುಗಳಿಗೆ ಸುತ್ತಿದ್ದ ಗಾಯದ ಪಟ್ಟಿಗಳನ್ನು ನೋಡಿರಬೇಕು.

ಮರುದಿನವೂ ಅಂಗಡಿ ತೆರೆಯಲಿಲ್ಲ. ಒಳಗಿನ ವಾರ್ನಿಶ್ ಅನ್ನು ಉಸುಕಿನ ಕಾಗದದಿಂದ ತಿಕ್ಕಿ ತೆಗೆಯಲು ಕೂತೆ. ಸ್ವಲ್ಪ ಹೊತ್ತಿಗೆ ಅಕ್ಕ ಬಂದು ಒಂದು ಬದಿ ಹಿಡಿದಳು. ಇನ್ನೂ ಸ್ವಲ್ಪ ಹೊತ್ತಿಗೆ ಗಿರಿಜಾ ಬಂದು ಇನ್ನೊಂದು ಬದಿ ಹಿಡಿದಳು. ಅಕ್ಕ ಬಂದಾಗಿನಿಂದ ಇವರಿಬ್ಬರ ನಡುವೆ ಊಟ, ಚಹಾ, ನೀರು ಎಂಬಷ್ಟೇ ಮಾತು ನಡೆದಿತ್ತು. ಈಗ ಮಾತಿಗೊಂದು ವಿಷಯ ಸಿಕ್ಕಿತು. "ಈ ಮೂಲಿ ನೋಡ್ರಿ ಅಕ್ಕಾರ, ಇಲಿ ಕಡದಂಗ ಐತಿ." "ಸಣ್ಣಾಂವ ಇದ್ದಾಗೂ ಹಿಂಗss ಇದ್ದ ಗಿರಿಜಾ. ಪಟ್ಟೀಲೆ ಗೆರಿ ಹೊಡಿ ಅಂದ್ರ ಗೆರಿ ಸೊಟ್ಟ, ಪಟ್ಟಿ ಮುರದಿರತಿತ್ತು." ಇಬ್ಬರೂ ನಕ್ಕರು. ನಾನು ತಲೆ ಎತ್ತಲಿಲ್ಲ. ನನ್ನ ದೋಷಗಳ ವಿಚಾರದಲ್ಲಿ ಅವರಿಬ್ಬರಿಗೆ ಎಂಥ ಒಮ್ಮತವಿತ್ತೆಂದರೆ ಮಧ್ಯಾಹ್ನದ ಹೊತ್ತಿಗೆ ಅವರು ಒಂದೇ ಓಣಿಯಲ್ಲಿ ಬೆಳೆದ ಗೆಳತಿಯರಂತೆ ಆಗಿದ್ದರು.

ಪೆಟ್ಟಿಗೆಯನ್ನು ನಡುಮನೆಗೆ ಇಳಿಸಿ, ದೀಪ ಜೋಡಿಸಿ ಹಚ್ಚಿದೆವು. ಅಕ್ಕ ಒಳಗೆ ಉಷ್ಣಮಾಪಕ ಇಟ್ಟಳು. ಬಿಸಿ ಏರಿತು, ಏರುತ್ತಲೇ ಹೋಯಿತು. ಗಾಳಿಯಾಡಲು ತೂತು ಬಿಡುವುದನ್ನು ಮರೆತಿದ್ದೆ. "ಮನಿ ಮಾಡಂದ್ರ ಒಲಿ ಮಾಡೀಯಲ್ಲೋ" ಎಂದಳು ಅಕ್ಕ. ಡ್ರಿಲ್ ತಂದು ಎರಡೂ ಪಕ್ಕಕ್ಕೆ ಸಾಲಾಗಿ ತೂತು ಕೊರೆದೆ. ಸಾಲು ಎಂದು ನಾನು ಅನ್ನುತ್ತೇನೆ, ನೋಡಿದವರು ಅನ್ನಲಾರರು. ಬಿಸಿ ಇಳಿದು ನಿಲ್ಲಬೇಕಾದಲ್ಲಿ ನಿಂತಿತು. ಅಕ್ಕ ದಾಡಿಯಪ್ಪನನ್ನು ಒಳಗೆ ಬಿಟ್ಟಳು. ಅವನು ಸ್ವಲ್ಪ ಹೊತ್ತು ಬಿಟ್ಟಲ್ಲೇ ಕೂತಿದ್ದ. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟು, ಅವನಿಗೆಂದೇ ಒಳಗಿಟ್ಟಿದ್ದ ಹುಣಸೆಯ ಕೊಂಬೆ ಏರಿ, ದೀಪದ ಕೆಳಗೆ ಮೈ ಚಪ್ಪಟೆ ಮಾಡಿಕೊಂಡು ಕಣ್ಣು ಮುಚ್ಚಿದ. ಎರಡು ದಿನ ಬಿಟ್ಟು ಗಿರಿಜಾ ಚಿಮಟಿಗೆಯಲ್ಲಿ ದೂರದಿಂದ ಚಾಚಿದ ನುಗ್ಗೆಯ ಎಲೆಯನ್ನು ಕಚ್ಚಿ ಎಳೆದುಕೊಂಡ. ಅವಳು ಚೀರಿ ಚಿಮಟಿಗೆ ಒಗೆದು, "ತಿಂದಾ! ಅಕ್ಕಾರ, ತಿಂದಾ!" ಎಂದು ಓಡಿದಳು. ಅಂದು ಸಂಜೆ ಅಕ್ಕನ ಖೋಲಿಯಲ್ಲಿ ಟ್ರಂಕಿನ ಚಿಲಕ ತೆಗೆದ ಸದ್ದು ಕೇಳಿತು. ಗಿರಿಜಾ ಎದ್ದು ಹೋಗಿ ಕಪಾಟಿನ ಎರಡು ಖಾನೆ ಖಾಲಿ ಮಾಡಿಕೊಟ್ಟಳು. ಹುಳುಗಳ ಡಬ್ಬಿ ಮಾತ್ರ ಮಾಳಿಗೆಯ ಮೇಲೇ ಇರಬೇಕೆಂಬ ಕರಾರನ್ನು ಅವಳು ಸಡಿಲಿಸಿಲ್ಲ.

ಇದಾದ ಕೆಲವು ದಿನಗಳಿಗೆ ಚಚಡಿಯಿಂದ ಚನ್ನಪ್ಪ ಕಾಕಾ ಬಂದರು. ನಮ್ಮ ತಂದೆಯ ಕಡೆಯ ದೂರದ ಸಂಬಂಧಿಕರು, ವಯಸ್ಸಾದವರು. ಕಣ್ಣು ಬಹಳ ಮಂದವಾಗಿತ್ತು. ಅಂಗಡಿಯಲ್ಲಿ ನಂಬರು ತೆಗೆದು, ಅವರ ಹಳೆಯ ಫ್ರೇಮಿಗೇ ಹೊಸ ಗಾಜು ಹಾಕಲು ಇಟ್ಟುಕೊಂಡು, ಊಟಕ್ಕೆ ಮನೆಗೆ ಕಳಿಸಿದೆ. ಅಂದರೆ ಅವರು ಚಷ್ಮಾ ಇಲ್ಲದೆ ನಮ್ಮ ಮನೆಗೆ ಹೋದರು. ಕೆಲಸ ಮುಗಿಸಿ, ಸಿದ್ಧವಾದ ಚಷ್ಮಾ ಜೇಬಿನಲ್ಲಿಟ್ಟುಕೊಂಡು ನಾನು ಹಿಂದಿನಿಂದ ಬಂದಾಗ ಕಾಕಾ ನಡುಮನೆಯಲ್ಲಿ, ದೀಪ ಉರಿಯುತ್ತಿದ್ದ ನನ್ನ ಪೆಟ್ಟಿಗೆಯ ಮುಂದೆ, ಟೊಪ್ಪಿಗೆ ತೆಗೆದು ಕೈಮುಗಿದು ನಿಂತಿದ್ದರು. ಅದನ್ನು ದೇವರನ್ನಿಟ್ಟು ಪೂಜಿಸುವ ಜಗಲಿ ಎಂದುಕೊಂಡಿದ್ದರು. ಒಳಗೆ ದಾಡಿಯಪ್ಪ ಅವರನ್ನೇ ದಿಟ್ಟಿಸಿ ನೋಡಿ, ಅವನ ಜಾತಿಯವರು ಹೊಸಬರನ್ನು ಕಂಡಾಗ ಮಾಡುವಂತೆ, ಮುಂಗಾಲೊಂದನ್ನು ಮೆಲ್ಲಗೆ ಎತ್ತಿ ಆಡಿಸಿದ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು.

ಕಾಕಾ ಪೆಟ್ಟಿಗೆಯ ಮೇಲೆಲ್ಲ ಕೈಯಾಡಿಸಿದರು. ಸೊಟ್ಟ ಮೂಲೆಗಳ ಮೇಲೆ ಬಡಿದ ಪಟ್ಟಿಗಳನ್ನು ತಡವಿದರು, ತೂತುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದರು. "ಏನ್ ಕುಸುರಿ ಕೆಲಸೋ ಬಸು ಇದು! ಯಾವ ಊರ ಬಡಿಗ್ಯಾರು?" ಎಂದರು.

"ನಾನss ಮಾಡೇನ್ರಿ ಕಾಕಾ" ಎಂದೆ.

"ನೀನ? ನಿನ್ನ ಕೈಯಾಗ ಇಂಥಾ ಹಿಕಮತ್ತು ಐತಿ ಅಂತ ನನಗ ಗೊತ್ತss ಇರಲಿಲ್ಲ. ನಮ್ಮ ಮನೀಗೂ ಒಂದು ಮಾಡಿಕೊಡಪ್ಪಾ" ಎಂದು ಬೆನ್ನು ಚಪ್ಪರಿಸಿದರು. ಗಿರಿಜಾ "ಕಾಕಾರ, ಅದು ಜಗಲಿ..." ಎಂದು ಬಾಯಿ ತೆರೆದಳು. ನಾನು ಅವಸರದಲ್ಲಿ, "ಕಾಕಾಗ ಇನ್ನೊಂದು ರೊಟ್ಟಿ ಹಾಕss" ಎಂದು ಕೂಗಿದೆ. ಅವರು ಇನ್ನೂ ಊಟಕ್ಕೆ ಕೂತಿರಲೇ ಇಲ್ಲ.

ಊಟದ ಉದ್ದಕ್ಕೂ ಕಾಕಾ ನನ್ನ ಕೈಗುಣವನ್ನು ಹೊಗಳಿದರು. ನಾನು ವಿನಯದಿಂದ ತಲೆ ತಗ್ಗಿಸಿ ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡೆ. ಚಷ್ಮಾ ಎಲ್ಲಿ ಎಂದು ಅವರು ನಡುವೆ ಎರಡು ಸಲ ಕೇಳಿದರು. "ಗಾಜು ಕೂಡಬೇಕ್ರಿ ಇನ್ನಾ" ಎಂದೆ. ಅವರ ತೋಳು ಹಿಡಿದು ಬಸ್‌ಸ್ಟ್ಯಾಂಡಿಗೆ ಕರೆದೊಯ್ದು, ಕಿಟಕಿಯ ಪಕ್ಕದ ಸೀಟಿನಲ್ಲಿ ಕೂಡಿಸಿ ಕೆಳಗಿಳಿದೆ. ಡ್ರೈವರ್ ಬಸ್ಸು ಶುರು ಮಾಡಿ, ಗೇರು ಹಾಕಿ, ಗಾಲಿ ಉರುಳತೊಡಗಿದ ಮೇಲೆ, ಕಿಟಕಿಯಿಂದ ಅವರ ಕೈಗೆ ಚಷ್ಮಾ ಕೊಟ್ಟೆ.