ನೆಗ್ಗಿಗೊಂದು ಇಂಗ್ಲಿಷ್ ಹೆಸರು

ಪಂಚಾಕ್ಷರಿಯ ಸ್ಕೂಟರ್ ಸ್ಟ್ಯಾಂಡ್ ಜಾರಿ, ಓನರ್ ಮನೆಯ ಹೊಸ ಕಾರಿಗೆ ಒರಗಿಕೊಂಡಿತು. ಬಸ್ಸಿನಲ್ಲಿ ತೂಕಡಿಸುವವರು ಪಕ್ಕದವರ ಭುಜಕ್ಕೆ ತಲೆಯಿಡುವಂತೆ, ಅಷ್ಟೇ ಮೆಲ್ಲಗೆ. ಆದರೆ ಎತ್ತಿ ನಿಲ್ಲಿಸಿ ನೋಡಿದರೆ ಕಾರಿನ ಬಾಗಿಲಲ್ಲಿ ತಟ್ಟೆ ಇಡ್ಲಿಯಷ್ಟು ಅಗಲದ ನೆಗ್ಗು! ಬಾನೆಟ್ ಮೇಲೆ ಪೂಜೆಯ ಕುಂಕುಮ ಇನ್ನೂ ಅಳಿಸಿರಲಿಲ್ಲ.

ಬ್ರೂಕ್‌ಫೀಲ್ಡಿನ ಈ ಮನೆಯ ಬಾಡಿಗೆ ಕರಾರು ನಾಳೆ ಮುಗಿಯುತ್ತಿತ್ತು. ಮಗಳು ಶಿವಾನಿ ಹತ್ತನೇ ಕ್ಲಾಸು, ಶಾಲೆ ಪಕ್ಕದ ರಸ್ತೆಯಲ್ಲೇ. ಕರಾರು ಮುಂದುವರಿಸುವುದು, ಬಿಡುವುದು ಎಲ್ಲ ಓನರ್ ನಾಗಲಕ್ಷ್ಮಮ್ಮನ ಕೈಯಲ್ಲಿ. ಅವರ ಗಂಡ ಶ್ಯಾಮಣ್ಣ ತಲೆಯಾಡಿಸುವುದಕ್ಕೆ ಮಾತ್ರ.

ಮಹಡಿ ಹತ್ತಿ ನಾಲ್ಕು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಬಿಲ್ಡಿಂಗಿನ ಪದ್ಧತಿಯೇ ಬೇರೆ. ಎದುರು ಸಿಕ್ಕರೆ ಕನ್ನಡ, ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಇಂಗ್ಲಿಷ್. ನೀರು ಬಂದ ಸುದ್ದಿಯೂ ಇಂಗ್ಲಿಷಿನಲ್ಲೇ ಬರುತ್ತಿತ್ತು. ಪಂಚಾಕ್ಷರಿ ಬೆವರುತ್ತಾ, ನನ್ನ ಸ್ಕೂಟರ್ ಒರಗಿ ನಿಮ್ಮ ಕಾರು ಡ್ಯಾಮೇಜ್ ಆಗಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಹಾಕಿದ.

ಮೊದಲನೇ ಮಹಡಿಯ ಸಿದ್ದಾರ್ಥ್ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದ. ಅವನದು ಇನ್ಶೂರೆನ್ಸ್ ಕಂಪನಿಯ ಕೆಲಸ.

"ಏನ್ ಸಾರ್ ನೀವು! ಡ್ಯಾಮೇಜ್ ಅಂದ್ರೆ ದೊಡ್ಡ ಮಾತು. ಬೇಗ ಡಿಲೀಟ್ ಮಾಡಿ, ಸ್ಕ್ರ್ಯಾಚ್ ಅಂತ ಹಾಕಿ."

ಪಂಚಾಕ್ಷರಿ ಹಾಗೇ ಮಾಡಿದ. ಅಷ್ಟರಲ್ಲಿ ಕೆಳಮನೆಯ ಇಂಗ್ಲಿಷ್ ಟೀಚರ್ ವನಜಾ ಕನ್ನಡಕ ಏರಿಸಿಕೊಂಡು ಹೊರಬಂದರು.

"ಸ್ಕ್ರ್ಯಾಚಾ? ಬಣ್ಣ ಗೀಚಿದ್ರೆ ಸ್ಕ್ರ್ಯಾಚ್. ಇದು ಒಳಕ್ಕೆ ಹೋಗಿದೆ, ಡೆಂಟ್ ಕಣ್ರೀ. ನನ್ನ ಸ್ಟೂಡೆಂಟ್ಸ್ ಹೀಗೆ ಬರೆದಿದ್ರೆ ಮಾರ್ಕ್ಸೇ ಕೊಡ್ತಿರ್ಲಿಲ್ಲ."

"ಡೆಂಟೂ ಡ್ಯಾಮೇಜೇ ಅಲ್ವಾ ಮೇಡಂ?" ಎಂದ ಸಿದ್ದಾರ್ಥ್.

"ಡೆಂಟ್ ಎಲ್ಲಾ ಡ್ಯಾಮೇಜೇ. ಡ್ಯಾಮೇಜ್ ಎಲ್ಲಾ ಡೆಂಟಲ್ಲ. ವಸ್ತುಗಾದ್ರೆ ಡ್ಯಾಮೇಜ್, ಮನುಷ್ಯರಿಗಾದ್ರೆ ಇಂಜುರಿ."

"ಮೇಡಂ, ಜೀವ ಕೈಯಾಗ ಹಿಡ್ಕೊಂಡು ನಿಂತೇನ್ರಿ. ಒಂದು ಶಬ್ದ ಹೇಳ್ರಿ, ಸಾಕು!" ಎಂದು ಪಂಚಾಕ್ಷರಿ ಕೈಮುಗಿದ.

ಅವನು ಬರೆದು ಅಳಿಸಿ, ಅಳಿಸಿ ಬರೆದು, ಕೊನೆಗೆ ಯಾವುದಕ್ಕೂ ಇರಲಿ ಎಂದು ಎಲ್ಲವನ್ನೂ ಸೇರಿಸಿದ: ಸ್ಕ್ರ್ಯಾಚ್ ಅಲ್ಲ, ಡೆಂಟ್ ಮಾತ್ರ, ಇಂಜುರಿ ಇಲ್ಲ. ಅಳಿಸಿದ ಮೆಸೇಜುಗಳ ಸಾಲು ನೋಡಿ ಗಾಬರಿಯಾಗಿದ್ದ ನಾಗಲಕ್ಷ್ಮಮ್ಮನ ಕಣ್ಣಿಗೆ ಬಿದ್ದದ್ದು ಕೊನೆಯದೊಂದೇ. ಸೌಟು ಹಿಡಿದೇ ಇಳಿದು ಬಂದರು.

"ಇಂಜುರಿನಾ? ಯಾರಿಗ್ರೀ ಏನಾಯ್ತು? ನಮ್ಮನೆಯವರು ಬೆಳಿಗ್ಗೆ ಓದವರು ಇನ್ನೂ ಬಂದಿಲ್ಲ!"

ಪಂಚಾಕ್ಷರಿ ತನ್ನ ಸ್ಕೂಟರನ್ನೂ ಕಾರಿನ ಬಾಗಿಲನ್ನೂ ತೋರಿಸಿದ. ನಾಗಲಕ್ಷ್ಮಮ್ಮನ ಮುಖ ಕೆಂಪಾಯಿತು. "ಒಸಾ ಕಾರು! ಕರಾರಿನ ಮಾತು ನಾಳೆ ಆಡಾನ," ಎಂದರು. ಶಿವಾನಿಯ ಶಾಲೆ ಅವನ ಕಣ್ಣೆದುರೇ ದೂರ ಸರಿಯಿತು.

ಅದೇ ಹೊತ್ತಿಗೆ ತರಕಾರಿ ಚೀಲ ಹಿಡಿದು ಶ್ಯಾಮಣ್ಣ ಬಂದ. ನೆಗ್ಗು ನೋಡಿದ, ತನ್ನ ಸ್ಕೂಟರೇ ಬಿದ್ದದ್ದು ಎಂದು ಕೈಮುಗಿದ ಪಂಚಾಕ್ಷರಿಯನ್ನು ನೋಡಿದ. ಜನ್ಮದಲ್ಲಿ ಮೊದಲ ಬಾರಿ ಹೆಂಡತಿಯ ಮುಂದೆ ದನಿಯೆತ್ತಿದ.

"ಯಾರೂ ನೋಡ್ದೇ ಇದ್ರೂ ತಾನಾಗೇ ಒಪ್ಕೊಂಡವ್ರೆ. ಇಂತಾ ಬಾಡಿಗೆದಾರ್ರು ಎಲ್ಲಿ ಸಿಕ್ತಾರೆ? ನಾಳೆ ಕರಾರು ನಾನೇ ಮಾಡಿಸ್ಕೊಡ್ತೀನಿ."

ನಾಗಲಕ್ಷ್ಮಮ್ಮ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸೌಟಿನ ಸಮೇತ ಮೇಲೆ ಹೋದರು. ಉಳಿದವರೂ ಚದುರಿದರು. ಪಂಚಾಕ್ಷರಿಯ ಕಣ್ಣು ತುಂಬಿ ಬಂತು.

ಶ್ಯಾಮಣ್ಣ ಅವನನ್ನು ಕಂಬದ ಮರೆಗೆ ಎಳೆದ. "ಸಾಮಿ, ನಿಮ್ಮ ಸ್ಕೂಟ್ರು ಏನೂ ಮಾಡಿಲ್ಲ. ಬೆಳಿಗ್ಗೆ ನಾನೇ ಈ ಕಂಬಕ್ಕೆ ಗುದ್ದಿಸ್ಬುಟ್ಟೆ. ಅವಳಿಗೆ ಎಂಗೆ ಯೋಳೋದು ಅಂತ ಕಾಡುಗೋಡಿ ಮಾರ್ಕೆಟ್ಟಲ್ಲಿ ಸುತ್ತಾಡ್ತಿದ್ದೆ. ದೇವ್ರಂಗೆ ಬಂದ್ರಿ."

"ಹಂಗಾರ ನಾನಲ್ಲ ಅಂತ ಗ್ರೂಪ್‌ನ್ಯಾಗ ಹಾಕ್ಲೇನ್ರಿ?"

"ಅಯ್ಯೋ, ಕರಾರು ಬ್ಯಾಡ್ವಾ ನಿಮಗೆ?"

ಪಂಚಾಕ್ಷರಿ ಎತ್ತಿದ ಫೋನನ್ನು ಕೆಳಗಿಳಿಸಿದ. ಇರಲಿ, ಮಗಳ ಶಾಲೆ ಉಳಿಯಿತು, ಮಿಕ್ಕಿದ್ದು ಹಾಳಾಗಲಿ ಎಂದುಕೊಂಡ. ಶ್ಯಾಮಣ್ಣ ತಲೆ ಕೆರೆದುಕೊಂಡ.

"ಇನ್ನೊಂದೈತೆ. ಇಂದ್ಗಡೆ ಲೈಟೂ ಒಡೆದೋಗದೆ, ಅವಳಿನ್ನೂ ಆ ಕಡೆ ನೋಡಿಲ್ಲ. ಅದನ್ನೂ ನಿಮ್ಮ ಎಸರಲ್ಲೇ ಆಕ್ಬುಡಿ."

ಪಂಚಾಕ್ಷರಿ ಫೋನು ಹಿಡಿದುಕೊಂಡು ಹೋಗಿ ವನಜಾ ಮನೆಯ ಬೆಲ್ ಒತ್ತಿದ.

"ಮೇಡಂ, ಲೈಟ್ ಒಡೆದ್ರ ಅದಕ್ಕೇನಂತಾರ್ರೀ?"